ಎರಡನೇ ಗೇರಿನ ಲೆಕ್ಕ: ಆಟೋಕ್ರಾಸ್ ಕಾರಿಗೆ ಬೈಕ್ ಎಂಜಿನ್ ಆರಿಸುವ ಬಗೆ

ಆರು ಗೇರಿನ, ಗಂಟೆಗೆ ಮುನ್ನೂರು ಕಿಲೋಮೀಟರ್ ಮುಟ್ಟಬಲ್ಲ ಬೈಕಿನ ಎಂಜಿನ್ನನ್ನು ದುಡ್ಡು ಸುರಿದು ತಂದು, ತಿಂಗಳುಗಟ್ಟಲೆ ವೆಲ್ಡಿಂಗ್ ಮಾಡಿ ಕಾರಿಗೆ ಕೂರಿಸಿ, ಕಡೆಗೆ ಇಡೀ ರೇಸನ್ನು ಎರಡನೇ ಗೇರಿನಲ್ಲೇ ಮುಗಿಸುವ ಜನ ಇದ್ದಾರೆ. ಹೊರಗೆ ನಿಂತು ನೋಡುವವರಿಗೆ ಇದು ಹುಚ್ಚಾಟ. ಆದರೆ ಯಾವ ಎಂಜಿನ್ ತರಬೇಕು ಅನ್ನುವ ಪ್ರಶ್ನೆಗೆ ಉತ್ತರ ಅಡಗಿರುವುದು ಆ ಎರಡನೇ ಗೇರಿನಲ್ಲೇ. ಕುದುರೆಶಕ್ತಿಯ ಅಂಕಿ ನೋಡಿ ಎಂಜಿನ್ ಆರಿಸಿದವರು ಮೊದಲ ಸೀಸನ್ನಿನಲ್ಲೇ ಕೈ ಸುಟ್ಟುಕೊಳ್ಳುತ್ತಾರೆ.

ಆಟೋಕ್ರಾಸ್ ಎಂದರೆ ನಮ್ಮವರಿಗೆ ನೆನಪಾಗುವುದು ಮಣ್ಣಿನ ಮೈದಾನ, ಎದ್ದ ಧೂಳು, ಜಾರುತ್ತ ತಿರುಗುವ ಜಿಪ್ಸಿಗಳು. ಯುರೋಪಿನಲ್ಲೂ ಅದು ಮಣ್ಣಿನ ಆಟವೇ. ಅಮೆರಿಕದವರು ಅದೇ ಹೆಸರಿನಲ್ಲಿ ಕರೆಯುವುದು ಬೇರೆಯದನ್ನು, ಈ ಲೇಖನ ಅದರ ಬಗ್ಗೆ. ದೊಡ್ಡ ಪಾರ್ಕಿಂಗ್ ಜಾಗದಲ್ಲೋ ಹಳೆಯ ವಿಮಾನ ನಿಲ್ದಾಣದ ಕಾಂಕ್ರೀಟಿನ ಮೇಲೋ ಕಿತ್ತಳೆ ಬಣ್ಣದ ಕೋನ್‌ಗಳನ್ನಿಟ್ಟು ಅಂಕುಡೊಂಕು ದಾರಿ ಮಾಡುತ್ತಾರೆ. ಒಂದೊಂದೇ ಕಾರು ಗಡಿಯಾರದ ಎದುರು ಓಡುತ್ತದೆ. ಒಂದು ಓಟ ಒಂದು ನಿಮಿಷದ ಆಸುಪಾಸು. ಕೋನ್ ಬೀಳಿಸಿದರೆ ಒಂದೊಂದಕ್ಕೂ ಸಮಯದ ದಂಡ. ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಇದನ್ನು ‘ಸೋಲೋ’ ಎನ್ನುತ್ತದೆ. ಅದರ ರಾಷ್ಟ್ರೀಯ ಕೂಟ ನಡೆಯುವುದು ನೆಬ್ರಾಸ್ಕದ ಲಿಂಕನ್ ಊರಿನ ಹಳೆಯ ವಾಯುನೆಲೆಯ ಕಾಂಕ್ರೀಟಿನ ಮೇಲೆ.

ಇಲ್ಲಿ ಉದ್ದನೆಯ ನೇರ ದಾರಿಯೇ ಇರುವುದಿಲ್ಲ. ಗಂಟೆಗೆ 40 ಕಿಲೋಮೀಟರಿಗೆ ಇಳಿದು, ತಿರುವಿನಿಂದ ಹೊರಬಿದ್ದು, ನೂರಕ್ಕೆ ಏರಿ, ಮತ್ತೆ ಬ್ರೇಕ್ ತುಳಿದು ನಲವತ್ತಕ್ಕೆ ಬರುವುದು. ಇಷ್ಟೇ ಆಟ. ಸುಲಭಕ್ಕೆ 40ರಿಂದ 112 ಎಂದಿಟ್ಟುಕೊಳ್ಳಿ. ಯಾಕೆ ಸರಿಯಾಗಿ 112 ಎಂದು ಈಗ ಗೊತ್ತಾಗುತ್ತದೆ.

ಲೆಕ್ಕಕ್ಕೆ ಹಯಬುಸವನ್ನೇ ತೆಗೆದುಕೊಳ್ಳೋಣ. 1999ರಲ್ಲಿ ಬಂದ ಸುಜುಕಿಯ ಈ ಬೈಕು 1299 ಸಿಸಿಯದು, ಸುಮಾರು 175 ಕುದುರೆಶಕ್ತಿ. ಜಪಾನಿ ಭಾಷೆಯಲ್ಲಿ ಹಯಬುಸ ಎಂದರೆ ಡೇಗೆ ಹಕ್ಕಿ. ಆಗ ವೇಗದ ಕಿರೀಟ ಹೋಂಡಾದ ಬ್ಲಾಕ್‌ಬರ್ಡ್ ತಲೆಯ ಮೇಲಿತ್ತು, ಡೇಗೆಯ ಊಟ ಏನೆಂದು ಸುಜುಕಿಯವರಿಗೆ ಚೆನ್ನಾಗಿ ಗೊತ್ತಿತ್ತು. 2008ರಿಂದ ಅದು 1340 ಸಿಸಿ ಆಯಿತು. ಕಾರಿಗೆ ಬೈಕ್ ಎಂಜಿನ್ ಎಂಬ ಮಾತು ಬಂದಲ್ಲೆಲ್ಲ ಇದರ ಹೆಸರು ಬರುತ್ತದೆ. ಇಂಗ್ಲೆಂಡಿನ ಪೀಟರ್‌ಬರೋದ ರ‍್ಯಾಡಿಕಲ್ ಕಂಪನಿ ತನ್ನ ಹಲವು ರೇಸ್ ಕಾರುಗಳನ್ನು ಕಟ್ಟಿದ್ದು ಇದೇ ಎಂಜಿನ್ನಿನ ತಳಹದಿಯ ಮೇಲೆ.

ಬೈಕ್ ಎಂಜಿನ್ನಿನಲ್ಲಿ ಗೇರ್‌ಬಾಕ್ಸ್ ಒಳಗೇ ಇರುತ್ತದೆ. ಕ್ರ್ಯಾಂಕಿನಿಂದ ಕ್ಲಚ್ಚಿಗೆ ಹೋಗುವಾಗ ವೇಗ ಒಮ್ಮೆ ತಗ್ಗುತ್ತದೆ, ಗೇರಿನಲ್ಲಿ ಇನ್ನೊಮ್ಮೆ, ಹೊರಗಿನ ಚೈನ್ ಸ್ಪ್ರಾಕೆಟ್‌ಗಳಲ್ಲಿ ಮತ್ತೊಮ್ಮೆ. ಮೊದಲ ತಲೆಮಾರಿನ ಹಯಬುಸದಲ್ಲಿ ಮೊದಲ ತಗ್ಗು 1.596, ಒಂದನೇ ಗೇರು 2.615, ಎರಡನೆಯದು 1.937. ಸ್ಪ್ರಾಕೆಟ್ ಮುಂದೆ 17 ಹಲ್ಲು, ಹಿಂದೆ 40, ಅಂದರೆ 2.353. ಮೂರನ್ನೂ ಗುಣಿಸಿದರೆ ಒಂದನೇ ಗೇರಿನಲ್ಲಿ 9.82 ಬರುತ್ತದೆ, ಅಂದರೆ ಎಂಜಿನ್ 9.82 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಹದಿಮೂರು ಇಂಚಿನ ರಿಮ್ಮಿಗೆ ಹಾಕಿದ ರೇಸ್ ಟೈರು ಒಂದು ಸುತ್ತಿಗೆ ಸುಮಾರು 1.63 ಮೀಟರ್ ಉರುಳುತ್ತದೆ. ಎಂಜಿನ್ ನಿಮಿಷಕ್ಕೆ 10,800 ಸುತ್ತು, ಅಂದರೆ 10,800 ಆರ್‌ಪಿಎಂನಲ್ಲಿದ್ದರೆ ಚಕ್ರ ನಿಮಿಷಕ್ಕೆ 1,100 ಸುತ್ತು, ವೇಗ ಗಂಟೆಗೆ 107 ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಇದು ಒಂದನೇ ಗೇರಿನಲ್ಲಿ! ಎರಡನೆಯದರಲ್ಲಿ 145. ಬೈಕಿನಿಂದ ಇಳಿಸಿದ ಹಾಗೇ ಸ್ಪ್ರಾಕೆಟ್ ಬಿಟ್ಟರೆ ಆಟೋಕ್ರಾಸ್ ಇಡೀ ಒಂದನೇ ಗೇರಿನಲ್ಲೇ ಮುಗಿದು, ಎಲ್ಲೋ ಒಂದು ಕಡೆ ಎಂಜಿನ್ ತಿರುಗಬಹುದಾದ ಕೊನೆಯ ಮಿತಿಯಾದ ರೆಡ್‌ಲೈನಿಗೆ ತಲೆ ಬಡಿದುಕೊಂಡು ನಿಲ್ಲುತ್ತದೆ.

ಹಿಂದಿನ ಸ್ಪ್ರಾಕೆಟ್ ತೆಗೆದು 52 ಹಲ್ಲಿನದು ಹಾಕಿ. ಒಂದನೇ ಗೇರು 83ಕ್ಕೆ ಮುಗಿಯುತ್ತದೆ, ಎರಡನೆಯದು 112ಕ್ಕೆ. ಆಗ ಸ್ಟಾರ್ಟ್ ಲೈನಿನಿಂದ ಒಂದರಲ್ಲಿ ಹೊರಟು, ಎರಡಕ್ಕೆ ಹಾಕಿ, ಕೊನೆಯವರೆಗೂ ಗೇರು ಮುಟ್ಟದೆ ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದುಕೊಂಡು ಓಡಿಸಬಹುದು. ಕಾರಿನ ಗೇರ್‌ಬಾಕ್ಸಿನಲ್ಲಾದರೆ ಈ ಅನುಪಾತ ಬದಲಿಸಲು ಡಿಫರೆನ್ಷಿಯಲ್ ಬಿಚ್ಚಿ ಕ್ರೌನ್-ಪಿನಿಯನ್ ಜೋಡಿಯನ್ನೇ ಹೊಸದಾಗಿ ತರಬೇಕು. ಇಲ್ಲಿ ಒಂದು ಸ್ಪ್ರಾಕೆಟ್, ಚೈನಿನ ನಾಲ್ಕಾರು ಲಿಂಕು. ಚೈನ್ ಡ್ರೈವಿನ ದೊಡ್ಡ ಸುಖ ಇದು.

ಸ್ವಲ್ಪ ನಿಧಾನವಾಗಿ ನೋಡಬೇಕಾದದ್ದು ಇಲ್ಲಿದೆ. ಎರಡನೇ ಗೇರು 112ಕ್ಕೆ ರೆಡ್‌ಲೈನ್ ಮುಟ್ಟುವ ಹಾಗೆ ಹೊಂದಿಸಿದರೆ, 40ರಲ್ಲಿ ಎಂಜಿನ್ ಎಷ್ಟು ತಿರುಗುತ್ತಿರುತ್ತದೆ? 40ನ್ನು 112ರಿಂದ ಭಾಗಿಸಿ. ರೆಡ್‌ಲೈನಿನ ಶೇಕಡಾ 36. ಯಾವ ಕಂಪನಿಯ ಯಾವ ಎಂಜಿನ್ ತಂದರೂ, ಇದೇ ದಾರಿಯನ್ನು ಒಂದೇ ಗೇರಿನಲ್ಲಿ ಓಡಿಸುವುದಾದರೆ, ಈ ಅಂಕಿ ಬದಲಾಗುವುದಿಲ್ಲ. ಆದ್ದರಿಂದ ಎಂಜಿನ್ ಆರಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: ತನ್ನ ರೆಡ್‌ಲೈನಿನ ಮೂರನೇ ಒಂದು ಭಾಗಕ್ಕಿಂತ ತುಸು ಮೇಲೆ ಇರುವಾಗ ಇದು ಎಳೆಯುತ್ತದೋ, ಗೊರಗೊರ ಎನ್ನುತ್ತದೋ? ನಮ್ಮ ಮೆಕ್ಯಾನಿಕ್‌ಗಳು ‘ಪಿಕಪ್’ ಎನ್ನುತ್ತಾರಲ್ಲ, ಅದರದೇ ಮಾತು.

ಹಯಬುಸಕ್ಕೆ ಶೇಕಡಾ 36 ಎಂದರೆ ಸುಮಾರು 3,900 ಆರ್‌ಪಿಎಂ. ಸಿಸಿ ದೊಡ್ಡದು, ಹೆದ್ದಾರಿಯಲ್ಲಿ ಸಲೀಸಾಗಿ ಓಡಲೆಂದೇ ಟ್ಯೂನ್ ಮಾಡಿದ ಎಂಜಿನ್. ಅಲ್ಲಿಂದಲೇ ಅದು ಗಟ್ಟಿಯಾಗಿ ಎಳೆಯುತ್ತದೆ. ಈಗ ಹೋಂಡಾ ಸಿಬಿಆರ್600ಆರ್‌ಆರ್ ತೆಗೆದುಕೊಳ್ಳಿ: 599 ಸಿಸಿ, ಬೋರ್ (ಸಿಲಿಂಡರಿನ ಅಗಲ) 67 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಬರೀ 42.5. ರೆಡ್‌ಲೈನ್ 15,000. ಅದರ ಶೇಕಡಾ 36 ಎಂದರೆ 5,400. ಅಂಕಿ ದೊಡ್ಡದೇ, ಆದರೆ ಈ ಎಂಜಿನ್ನಿಗೆ ಜೀವ ಬರುವುದು ಎಂಟು ಸಾವಿರ ದಾಟಿದ ಮೇಲೆ. ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ಒತ್ತಿದರೆ ಮೊದಲ ಒಂದು ಕ್ಷಣ ಏನೂ ಆಗುವುದಿಲ್ಲ, ಆಮೇಲೆ ಎಲ್ಲವೂ ಒಟ್ಟಿಗೆ ಆಗುತ್ತದೆ. ಅಷ್ಟರಲ್ಲಿ ಮುಂದಿನ ಕೋನ್ ಬಂದಿರುತ್ತದೆ. ತಪ್ಪಿಸಿಕೊಳ್ಳಲು ಒಂದನೇ ಗೇರಿಗೆ ಇಳಿಯಬೇಕು, ಬೈಕಿನಲ್ಲಿ ಒಂದಕ್ಕೂ ಎರಡಕ್ಕೂ ನಡುವೆ ನ್ಯೂಟ್ರಲ್ ಕೂತಿದೆ. ಆತುರದಲ್ಲಿ ಗೇರು ಬೀಳದೆ ನ್ಯೂಟ್ರಲ್‌ಗೆ ಹೋದರೆ ಆ ಓಟ ಅಲ್ಲಿಗೆ ಮುಗಿಯಿತು.

ಹಾಗಾದರೆ 600 ಸಿಸಿ ಬೇಡವೇ? ಬೇಕು, ಕಾರು ಹಗುರವಾಗಿದ್ದರೆ. ಅಮೆರಿಕದ ಎಫ್500 ಎಂಬ ಪುಟ್ಟ ಫಾರ್ಮುಲಾ ಕಾರುಗಳನ್ನು ನೋಡಿ. ಮೊದಲು ಅವಕ್ಕೆ ಟೂ-ಸ್ಟ್ರೋಕ್ ಎಂಜಿನ್ನೂ ಹಿಮದ ಗಾಡಿಗಳಲ್ಲಿರುವಂಥ ಬೆಲ್ಟಿನ ಸಿವಿಟಿಯೂ ಇರುತ್ತಿದ್ದವು. ಸಿವಿಟಿ ಎಂದರೆ ನಮ್ಮ ಆಕ್ಟಿವಾದ ಒಳಗಿರುವ ತತ್ವವೇ, ವೇಗ ಏನೇ ಇರಲಿ ಎಂಜಿನ್ನನ್ನು ತನಗಿಷ್ಟವಾದ ಆರ್‌ಪಿಎಂನಲ್ಲಿ ಇಡುತ್ತದೆ. ಶೇಕಡಾ 36ರ ರಗಳೆಯೇ ಅಲ್ಲಿಲ್ಲ. ಮುಂದೆ ಅದೇ ಬಗೆಯ ಕಾರುಗಳಿಗೆ 600 ಸಿಸಿ ಬೈಕ್ ಎಂಜಿನ್ ಹಾಕಲು ಅನುಮತಿ ಬಂತು. ಎಳೆಯಬೇಕಾದ ಭಾರ ಕಡಿಮೆ ಇದ್ದಾಗ ಕೆಳಗಿನ ಬಡತನ ಅಷ್ಟಾಗಿ ಕಾಣುವುದಿಲ್ಲ.

ನನ್ನ ಅಂದಾಜು ಹೀಗಿದೆ, ಇದಕ್ಕೆ ಯಾವ ನಿಯಮಪುಸ್ತಕದ ಮುದ್ರೆಯೂ ಇಲ್ಲ. ಡ್ರೈವರ್ ಬಿಟ್ಟು ಕಾರು ಮುನ್ನೂರು ಕಿಲೋ ಒಳಗಿದ್ದರೆ 600 ಸಾಕು. ಮುನ್ನೂರರಿಂದ ನಾಲ್ಕುನೂರೈವತ್ತರವರೆಗೆ ಸಾವಿರ ಸಿಸಿಯ ಎಂಜಿನ್: ಸುಜುಕಿ ಜಿಎಸ್‌ಎಕ್ಸ್-ಆರ್1000, ಯಮಹಾ ಆರ್1, ಕವಾಸಾಕಿ ಝಡ್‌ಎಕ್ಸ್-10ಆರ್. ಅದರ ಮೇಲೆ ಹಯಬುಸ, ಅಥವಾ ಕವಾಸಾಕಿಯ 1441 ಸಿಸಿಯ ಝಡ್‌ಎಕ್ಸ್-14ಆರ್. ಆರುನೂರು ಕಿಲೋ ದಾಟಿತೆಂದರೆ ಬೈಕ್ ಎಂಜಿನ್ ಮರೆತುಬಿಡುವುದು ಒಳ್ಳೆಯದು. ಬೈಕ್ ಕಟ್ಟಿದವರು ಅದರ ಕ್ಲಚ್ಚು, ಗೇರಿನ ಹಲ್ಲು ಎಲ್ಲವನ್ನೂ ಲೆಕ್ಕ ಹಾಕಿದ್ದು ಬೈಕು, ಸವಾರ ಸೇರಿ ಮುನ್ನೂರು ಕಿಲೋ ಎಳೆಯಲಿಕ್ಕೆ. ನಮ್ಮ ಹುಡುಗರ ಕನಸು ಯಾವಾಗಲೂ ಮಾರುತಿ 800ಕ್ಕೆ ಹಯಬುಸ ಹಾಕುವುದು. ಮಾರುತಿ ಖಾಲಿ ಇದ್ದಾಗಲೇ ಸುಮಾರು 650 ಕಿಲೋ. ಸೀಟು, ಗಾಜು, ಬಾಗಿಲು ಕಿತ್ತೆಸೆದರೆ ಗಡಿಯೊಳಗೆ ಬಂದೀತು. ಆದರೆ ಹಾಗೆ ಎಂಜಿನ್ ಬದಲಿಸಿದ ಕಾರು ರಸ್ತೆಗೆ ಇಳಿಯುವಂತಿಲ್ಲ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಮೈದಾನಕ್ಕೆ ಲಾರಿಯಲ್ಲೇ ಹೊತ್ತುಕೊಂಡು ಹೋಗಬೇಕು.

ತೂಕ ನೋಡುವ ಮುಂಚೆ ನಿಯಮ ನೋಡಿ ಎಂದು ಹೇಳಬೇಕಿತ್ತು. ಅಮೆರಿಕದ ಹಲವು ವರ್ಗಗಳಲ್ಲಿ ಸಿಸಿ ಹೆಚ್ಚಿದಷ್ಟೂ ಕಾರಿನ ಕನಿಷ್ಠ ತೂಕವೂ ಏರುತ್ತದೆ. ದೊಡ್ಡ ಎಂಜಿನ್ ತಂದು, ಆಮೇಲೆ ನಿಯಮಕ್ಕಾಗಿ ಕಾರಿನೊಳಗೆ ಸೀಸದ ಗಟ್ಟಿ ಕಟ್ಟಿಕೊಂಡು ಓಡಿಸುವ ಪಾಡು ಯಾರಿಗೂ ಬೇಡ.

ಇನ್ನು ಆಯಿಲ್. ಬೈಕ್ ಎಂಜಿನ್ ಹಾಕಿದ ಕಾರುಗಳನ್ನು ಕೊಂದಿರುವುದು ಬಹುಪಾಲು ಇದೇ.

ಬೈಕು ತಿರುವಿನಲ್ಲಿ ವಾಲುತ್ತದೆ. ವಾಲಿದಾಗ ಭೂಮಿಯ ಸೆಳೆತ, ತಿರುವಿನ ತಳ್ಳು ಎರಡೂ ಸೇರಿದ ಬಲ ಬೈಕಿನ ನಡುಮಧ್ಯದಿಂದ ನೇರವಾಗಿ ಟೈರಿನ ಕಡೆಗೇ ಇರುತ್ತದೆ. ತುಂಬಿದ ಕೊಡವನ್ನು ಹಗ್ಗಕ್ಕೆ ಕಟ್ಟಿ ಬೀಸಿದರೆ ನೀರು ಚೆಲ್ಲದೆ ಕೊಡದ ತಳಕ್ಕೇ ಅಂಟಿಕೊಂಡಿರುತ್ತದಲ್ಲ, ಹಾಗೆ. ಎಂಜಿನ್ನಿನ ಮಟ್ಟಿಗೆ ಆಯಿಲ್ ಯಾವಾಗಲೂ ಸಂಪಿನ, ಅಂದರೆ ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿಯ, ತಳದಲ್ಲೇ ಉಳಿಯುತ್ತದೆ. ಅದಕ್ಕೇ ಬೈಕಿನ ಸಂಪಿನಲ್ಲಿ ಆಯಿಲ್ ಪಕ್ಕಕ್ಕೆ ಓಡದಂತೆ ತಡೆಯುವ ಗೋಡೆಗಳು ಅಷ್ಟಾಗಿ ಬೇಕಾಗುವುದಿಲ್ಲ.

ಕಾರು ವಾಲುವುದಿಲ್ಲ. ತಿರುವಿನ ತಳ್ಳು ಒಂದು ಜಿ, ಅಂದರೆ ಭೂಮಿಯ ಸೆಳೆತದಷ್ಟೇ ಆದರೆ ಸಂಪಿನೊಳಗಿನ ಆಯಿಲ್ ಮಟ್ಟ 45 ಡಿಗ್ರಿ ಓರೆಯಾಗುತ್ತದೆ. ಒಳ್ಳೆಯ ಸ್ಲಿಕ್ ಟೈರು ಹಾಕಿದ ಹಗುರ ಕಾರು ಒಂದೂವರೆ ಜಿ ಮುಟ್ಟಬಹುದು, ಆಗ ಓರೆ 56 ಡಿಗ್ರಿ. ಆಯಿಲ್ಲೆಲ್ಲ ಒಂದು ಗೋಡೆಗೆ ಒರಗಿ, ಪಂಪಿನ ಹೀರುಕೊಳವೆಯ ಬಾಯಿ ಗಾಳಿಗೆ ತೆರೆದುಕೊಳ್ಳುತ್ತದೆ. ಪಂಪು ಗಾಳಿ ಕುಡಿಯುತ್ತದೆ. ಹತ್ತು ಸಾವಿರ ಆರ್‌ಪಿಎಂನಲ್ಲಿ ಎಂಜಿನ್ ಸೆಕೆಂಡಿಗೆ 166 ಸುತ್ತು ತಿರುಗುತ್ತಿರುತ್ತದೆ, ಕನೆಕ್ಟಿಂಗ್ ರಾಡು ಕ್ರ್ಯಾಂಕಿಗೆ ಸೇರುವಲ್ಲಿನ ಬಿಗ್ ಎಂಡ್ ಬೇರಿಂಗ್ ಆಯಿಲ್ ಇಲ್ಲದೆ ಅರ್ಧ ಸೆಕೆಂಡು ಕಳೆದರೂ ಎಂಬತ್ತಕ್ಕೂ ಹೆಚ್ಚು ಸುತ್ತು ಒಣಗಿ ಉಜ್ಜಿದಂತಾಯಿತು. ಡ್ಯಾಶ್‌ಬೋರ್ಡಿನ ಕೆಂಪು ದೀಪ ಹೊತ್ತಿ ಅದು ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಅವತ್ತೇ ಸೀಜ್ ಆಗುವುದಿಲ್ಲ ಅನ್ನುವುದೇ ಇದರ ಮೋಸ. ಮೂರು ಭಾನುವಾರ ಚೆನ್ನಾಗಿ ಓಡಿ, ನಾಲ್ಕನೆಯ ಭಾನುವಾರ ಕನೆಕ್ಟಿಂಗ್ ರಾಡು ಕ್ರ್ಯಾಂಕ್‌ಕೇಸಿಗೆ ಕಿಟಕಿ ಕೊರೆದು ಹೊರಗೆ ಇಣುಕುತ್ತದೆ.

ಪರಿಹಾರ ಮೂರು ಬಗೆಯದು. ಸಂಪಿನೊಳಗೆ ಅಡ್ಡತಗಡು ಬೆಸೆದು, ಒಳಮುಖವಾಗಿ ಮಾತ್ರ ತೆರೆಯುವ ಪುಟ್ಟ ಬಾಗಿಲುಗಳನ್ನಿಡುವುದು ಅಗ್ಗದ ದಾರಿ. ಆಯಿಲ್ ಹೀರುಕೊಳವೆಯ ಕಡೆಗೆ ಬರಬಹುದು, ವಾಪಸ್ ಓಡುವಂತಿಲ್ಲ. ಎರಡನೆಯದು ಒತ್ತಡದಲ್ಲಿ ಒಂದೆರಡು ಲೀಟರ್ ಆಯಿಲ್ ಹಿಡಿದಿಡುವ ಸಿಲಿಂಡರು. ಪಂಪಿನ ಒತ್ತಡ ಕುಸಿದ ಕೂಡಲೇ ಅದು ಎಂಜಿನ್ನಿಗೆ ಆಯಿಲ್ ತಳ್ಳುತ್ತದೆ. ಮೂರನೆಯದು ಡ್ರೈ ಸಂಪ್, ಅಂದರೆ ಆಯಿಲ್ಲನ್ನು ಸಂಪಿನಲ್ಲಿ ನಿಲ್ಲಲೇ ಬಿಡದೆ ಹೀರಿ ಹೊರಗಿನ ಎತ್ತರದ ಟ್ಯಾಂಕಿಗೆ ಸಾಗಿಸುವುದು. ಸಂಪಿನ ಆಳವೂ ಕಡಿಮೆಯಾಗಿ ಎಂಜಿನ್ ಕೆಳಗೆ ಕೂರುತ್ತದೆ. ಖರ್ಚು ಮಾತ್ರ ಕೆಲವೊಮ್ಮೆ ಎಂಜಿನ್ನಿನ ಬೆಲೆಯ ಹತ್ತಿರಕ್ಕೇ ಹೋಗುತ್ತದೆ. ಇದರಿಂದ ಆಯ್ಕೆಗೂ ಒಂದು ಪಾಠ ಸಿಗುತ್ತದೆ: ನಿಮಗೆ ಮುಂಚೆ ನೂರಾರು ಜನ ಕಾರಿಗೆ ಹಾಕಿ, ಹಾಳುಮಾಡಿ, ಸರಿಯಾದ ಸಂಪು ಯಾವುದೆಂದು ಕಂಡುಕೊಂಡಿರುವ ಎಂಜಿನ್ನನ್ನೇ ತನ್ನಿ. ಹಯಬುಸ, ಆರ್1, ಜಿಎಸ್‌ಎಕ್ಸ್-ಆರ್‌ಗಳಿಗೆ ಕಾರಿಗೆಂದೇ ಮಾಡಿದ ಸಂಪು ಸಿದ್ಧವಾಗಿ ಸಿಗುತ್ತದೆ. ಅಪರೂಪದ ಇಟಾಲಿಯನ್ ಎಂಜಿನ್ ತಂದರೆ ಎಲ್ಲವನ್ನೂ ನೀವೇ ಮಾಡಿಸಬೇಕು.

ಆಯಿಲ್ ಎಂದ ಮೇಲೆ ಇನ್ನೊಂದು ಮಾತು. ಬೈಕಿನ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್ಲಿನಲ್ಲೇ ಮುಳುಗಿರುತ್ತವೆ. ಎಂಜಿನ್ ಈಗ ಕಾರಿನಲ್ಲಿದೆಯಲ್ಲ ಎಂದು ಕಾರಿನ ಆಯಿಲ್ ಸುರಿದರೆ, ಅದರಲ್ಲಿರುವ ಜಾರುಪುಡಿಯಂಥ ರಾಸಾಯನಿಕಗಳಿಗೆ ಕ್ಲಚ್ ಜಾರತೊಡಗುತ್ತದೆ. ಡಬ್ಬದ ಮೇಲೆ ಜಾಸೊ ಎಂಎ ಎಂದಿರುವ ಬೈಕ್ ಆಯಿಲ್ಲೇ ಬೇಕು. ಕ್ಲಚ್ ಸ್ಪ್ರಿಂಗುಗಳನ್ನು ಬಿಗಿಯಾದವಕ್ಕೆ ಬದಲಿಸುವುದು ಹೇಗೂ ಮಾಡಲೇಬೇಕಾದ ಕೆಲಸ. ರಿವರ್ಸ್ ಗೇರಿಲ್ಲ ಎಂದು ಕೊರಗುವವರಿಗೆ ಆಟೋಕ್ರಾಸಿನಲ್ಲಿ ಉತ್ತರ ಸರಳ: ಇಳಿದು ತಳ್ಳಿ.

ಚೈನಿನ ಬಲವನ್ನು ಮಾತ್ರ ಹಗುರವಾಗಿ ಕಾಣಬೇಡಿ. ಹಯಬುಸದ 130ಕ್ಕೂ ಹೆಚ್ಚು ನ್ಯೂಟನ್ ಮೀಟರ್ ಟಾರ್ಕು (ತಿರುಗಿಸುವ ಬಲ) ಒಂದನೇ ಗೇರಿನಲ್ಲಿ ನಾಲ್ಕು ಪಟ್ಟಿಗೂ ಹೆಚ್ಚಾಗಿ, 43 ಮಿಲಿಮೀಟರ್ ತ್ರಿಜ್ಯದ ಮುಂದಿನ ಸ್ಪ್ರಾಕೆಟ್ಟಿಗೆ ಬರುತ್ತದೆ. ಟೈರು ಜಾರದೆ ಅಷ್ಟನ್ನೂ ಹಿಡಿದರೆ ಚೈನಿನ ಮೇಲೆ ಬೀಳುವ ಎಳೆತ ಹನ್ನೆರಡೂವರೆ ಕ್ವಿಂಟಲಿಗೂ ಮಿಕ್ಕಿ. ಎಂಜಿನ್ ಕೂತ ಜಾಗ, ಡಿಫರೆನ್ಷಿಯಲ್ ಕೂತ ಜಾಗ ಎರಡನ್ನೂ ಒಂದೇ ಗಟ್ಟಿ ಚೌಕಟ್ಟಿಗೆ ಕಟ್ಟದಿದ್ದರೆ ನಡುವಿನ ಪೈಪುಗಳು ಬಾಗಿ ಚೈನು ಹಾರುತ್ತದೆ.

ವೈರಿಂಗ್ ವಿಷಯದಲ್ಲಿ ನಾನು ಹಳೆಯ ಕಾಲದವನು. 2015ರ ಆರ್1ನಲ್ಲಿ ಬೈಕು ಎಷ್ಟು ವಾಲಿದೆ ಎಂದು ಕ್ಷಣಕ್ಷಣಕ್ಕೂ ಅಳೆಯುವ ಆರು ಅಕ್ಷದ ಸೆನ್ಸರ್ ಇದೆ. ಅದರ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಕಾರಿನಲ್ಲಿ ಕೂತರೆ ತಲೆಬುಡ ತಿಳಿಯುವುದಿಲ್ಲ. ಫ್ಯೂಯೆಲ್ ಇಂಜೆಕ್ಷನ್ ಇರಬೇಕು, ಆದರೆ ಆಕ್ಸಿಲರೇಟರಿಗೆ ಇನ್ನೂ ಕೇಬಲ್ ಇರಬೇಕು. ಆ ನಡುಗಾಲದ ಎಂಜಿನ್‌ಗಳೇ ಕಾರಿಗೆ ಲಾಯಕ್ಕು. ಹಯಬುಸ 2021ರವರೆಗೂ ಕೇಬಲ್ಲಿನಲ್ಲೇ ಇತ್ತು. ಅಂಥ ಸರಳ ಎಂಜಿನ್ನಿನಲ್ಲೂ ಸೈಡ್ ಸ್ಟ್ಯಾಂಡ್ ಸ್ವಿಚ್, ಕ್ಲಚ್ ಸ್ವಿಚ್, ನ್ಯೂಟ್ರಲ್ ಸ್ವಿಚ್ ಎಲ್ಲವೂ ಇಸಿಯು ಜೊತೆ ಮಾತಾಡುತ್ತಿರುತ್ತವೆ. ಬೈಕು ಬಿದ್ದರೆ ಎಂಜಿನ್ ನಿಲ್ಲಿಸುವ ಸಣ್ಣ ಸೆನ್ಸರೂ ಒಂದಿದೆ. ಜಾಗ ಸಿಕ್ಕಲ್ಲಿ ಅದನ್ನು ಅಡ್ಡಡ್ಡ ಟೇಪ್ ಸುತ್ತಿ ಕೂರಿಸಿ, ಇಡೀ ರಾತ್ರಿ ಸ್ಟಾರ್ಟರ್ ಒತ್ತುತ್ತ ಸ್ಪಾರ್ಕ್ ಎಲ್ಲಿ ಹೋಯಿತೆಂದು ಹುಡುಕಿದ ಅನುಭವ ನನಗಿದೆ. ಬೈಕು ನೆಲಕ್ಕೆ ಬಿದ್ದಿದೆ ಎಂದು ಪಾಪದ ಇಸಿಯು ನಂಬಿತ್ತು.

ಕರ್ನಾಟಕದಲ್ಲಿ ಈ ಲೆಕ್ಕಗಳನ್ನೆಲ್ಲ ಕೈಯಾರೆ ಮಾಡುವವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್‌ನಂಥ ತಂಡಗಳು ತಾವೇ ಕಟ್ಟಿದ ಕಾರುಗಳೊಂದಿಗೆ ಸ್ಪರ್ಧಿಸುವ ಫಾರ್ಮುಲಾ ಸ್ಟೂಡೆಂಟ್ ಕೂಟಗಳ ಮೂಲ ಅಮೆರಿಕದಲ್ಲಿ 1981ರಲ್ಲಿ ಶುರುವಾದ ಫಾರ್ಮುಲಾ ಎಸ್‌ಎಇ. ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ ಫಾರ್ಮುಲಾ ಭಾರತ್ ನಡೆಯುತ್ತದೆ. ಮೂಲ ಎಸ್‌ಎಇ ನಿಯಮದ ಆಟೋಕ್ರಾಸ್ ದಾರಿ ನಾನು ಮೇಲೆ ಹೇಳಿದ್ದಕ್ಕಿಂತ ಇಕ್ಕಟ್ಟು: ನೇರ ದಾರಿ 60 ಮೀಟರ್ ಮೀರುವಂತಿಲ್ಲ, ಸರಾಸರಿ ವೇಗ 40ರಿಂದ 48 ಕಿಲೋಮೀಟರ್ ಇರುವಂತೆ ದಾರಿ ಹಾಕುತ್ತಾರೆ. ಎಂಜಿನ್ 710 ಸಿಸಿ ಮೀರಬಾರದು. ಅಷ್ಟೇ ಅಲ್ಲ, ಎಂಜಿನ್ನಿಗೆ ಹೋಗುವ ಗಾಳಿಯೆಲ್ಲ 20 ಮಿಲಿಮೀಟರ್ ತೂತಿನಿಂದಲೇ, ಸರಿಸುಮಾರು ಈಗಿನ ಒಂದು ರೂಪಾಯಿ ನಾಣ್ಯದಷ್ಟು ಅಗಲದಿಂದಲೇ ಹೋಗಬೇಕು.

ಈ ತೂತು ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ. 600 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ನಿನ ಬಲವೆಲ್ಲ ಮೇಲಿನ ಆರ್‌ಪಿಎಂನಲ್ಲಿದೆ, ಅಲ್ಲಿಗೆ ತಲುಪುವ ಹೊತ್ತಿಗೇ ಅದಕ್ಕೆ ಉಸಿರು ಕಟ್ಟುತ್ತದೆ. ಹಳೆಯ ತಲೆಮಾರಿನ ಕೆಟಿಎಂ 390ರ ಒಂಟಿ ಸಿಲಿಂಡರ್ ಬರೀ 373 ಸಿಸಿ, ಅದಕ್ಕೆ ಅಷ್ಟು ಗಾಳಿ ಬೇಕಾಗಿಯೇ ಇಲ್ಲ. ತನ್ನ 43 ಕುದುರೆಶಕ್ತಿಯ ಬಹುಪಾಲನ್ನು ಉಳಿಸಿಕೊಳ್ಳುತ್ತದೆ. ನಾಲ್ಕು ಸಿಲಿಂಡರಿನದು ಅರವತ್ತು ಕಿಲೋ ಆಸುಪಾಸು ತೂಗಿದರೆ ಇದು ನಲವತ್ತರೊಳಗೆ. ಪುಣೆ ಹತ್ತಿರದ ಚಾಕಣದಲ್ಲೇ ತಯಾರಾಗುವುದರಿಂದ ಬಿಡಿಭಾಗ ಯಾವ ಊರಿನಲ್ಲೂ ಸಿಗುತ್ತದೆ. ನಮ್ಮ ದೇಶದ ತಂಡಗಳು ಇದಕ್ಕೆ ಮನಸೋತಿರುವುದರಲ್ಲಿ ಆಶ್ಚರ್ಯವಿಲ್ಲ. ಬೇನೆ ಇಲ್ಲದಿಲ್ಲ, ಕೆಳಗಿನ ಆರ್‌ಪಿಎಂನಲ್ಲಿ ಒಂಟಿ ಸಿಲಿಂಡರ್ ಚೈನನ್ನು ಜಗ್ಗಿ ಜಗ್ಗಿ ಎಳೆಯುತ್ತದೆ. ರಾಯಲ್ ಎನ್‌ಫೀಲ್ಡಿನ 648 ಸಿಸಿ ಜೋಡಿ ಸಿಲಿಂಡರ್ ಕೆಳಗಿನಿಂದ ಬೆಣ್ಣೆಯಂತೆ ಎಳೆಯುತ್ತದೆ, ನಿಜ. ಆದರೆ 47 ಕುದುರೆಶಕ್ತಿಗೆ ಅಷ್ಟು ಭಾರ ಹೊರುವುದು ನನಗೆ ಒಪ್ಪಿಗೆಯಿಲ್ಲ. ದುಡ್ಡಿದ್ದ ತಂಡ ಯಮಹಾ ಎಂಟಿ-07ರ 689 ಸಿಸಿ ಜೋಡಿ ಸಿಲಿಂಡರನ್ನು ಯೋಚಿಸಬಹುದು, 710ರ ಮಿತಿಗೆ ಅಳೆದು ಹೊಲಿದಂತಿದೆ.

ಕಡೆಗೆ ಕೊಳ್ಳುವ ಗಳಿಗೆ. ಗುಜರಿಯಿಂದ ತರುವುದಾದರೆ ಎಂಜಿನ್ ಒಂದನ್ನೇ ತರಬೇಡಿ. ಇಸಿಯು, ಪೂರ್ತಿ ವೈರಿಂಗ್, ಥ್ರಾಟಲ್ ಬಾಡಿ, ಫ್ಯೂಯೆಲ್ ಪಂಪು, ಮೀಟರು, ಇಮ್ಮೊಬಿಲೈಸರ್ ಇದ್ದರೆ ಕೀಲಿ, ಎಲ್ಲವೂ ಒಂದೇ ಬೈಕಿನದಾಗಿರಬೇಕು. ಬಿದ್ದ ಬೈಕಿನ ಎಂಜಿನ್ನಾದರೆ ಹೊರಗಿನ ಗೀರು ದೊಡ್ಡ ವಿಷಯವಲ್ಲ. ನೋಡಬೇಕಾದದ್ದು ಎರಡನೇ ಗೇರು. ಸೂಪರ್‌ಬೈಕ್ ಇಟ್ಟುಕೊಂಡವರು ಒಂದರಿಂದ ಎರಡಕ್ಕೆ ಪೂರ್ತಿ ಆಕ್ಸಿಲರೇಟರಿನಲ್ಲೇ ಒದ್ದು ಹಾಕಿ, ನ್ಯೂಟ್ರಲ್ ದಾಟುವಾಗ ಆ ಗೇರಿನ ಕಚ್ಚುಹಲ್ಲುಗಳ ಮೂಲೆ ಸವೆಸಿರುತ್ತಾರೆ. ಸವೆದ ಹಲ್ಲು ಭಾರ ಬಿದ್ದಾಗ ಮಾತ್ರ ಕಳಚುತ್ತದೆ. ಸ್ಟ್ಯಾಂಡಿನ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ತೋರಿಸಿದರೆ ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ಸಂಪು ಬಿಚ್ಚಿಸಿ, ಹೀರುಕೊಳವೆಯ ಜಾಲರಿಯನ್ನು ಬಿಳಿ ಬಟ್ಟೆಯ ಮೇಲೆ ಕೊಡವಿ. ತಾಮ್ರದ ಬಣ್ಣದ ಮಿನುಗುಪುಡಿ ಬಿದ್ದರೆ ಬೇರಿಂಗ್ ಹೋಗಿದೆ. ಅಯಸ್ಕಾಂತಕ್ಕೆ ಅಂಟುವ ಚೂಪು ಮೂಲೆಯ ಉಕ್ಕಿನ ಚೂರು ಸಿಕ್ಕರೆ, ಅದು ನೀವು ಇಡೀ ಸೀಸನ್ ಓಡಿಸಬೇಕೆಂದಿದ್ದ ಆ ಎರಡನೇ ಗೇರಿನದೇ ಇರಬಹುದು.